ಅಮೀರಬಾಯಿ ಕರ್ನಾಟಕಿ

ಕವಿಯ ಹೆಸರು ಅವನ ಗ್ರಂಥದ ಮೇಲೆಯೇ ಅಚ್ಚಾಗಿರುವುದು. ಶಿಲ್ಪಿಯ ಕೃತಿಯು ಊರ ನಡುವೆ ನಿಂತು ಅವನನ್ನು ನೆನಪಿಗೆ ತರುವುದು. ಚಿತ್ರಪಟದ ಗಾಯಕಿಯ ಪಾಡಾದರೋ ಬೇರೆ. ಅವಳ ಕಂಠವು ಪರದೆಯ ಮೇಲೆ ಮತ್ತೊಬ್ಬಳ ಮುಖದಿಂದ ಹೊರಟಂತೆ ತೋರುವುದರಿಂದ, ಹಾಡಿಗೆ ತಲೆದೂಗಿದವರಲ್ಲಿ ಹಾಡಿದವಳು ಯಾರೆಂದು ಕೇಳುವವರು ವಿರಳ. ಇಂಥ ಉದ್ಯೋಗದಲ್ಲಿದ್ದುಕೊಂಡು ತಮ್ಮ ಹೆಸರನ್ನೂ ಅದರೊಡನೆ ತಮ್ಮ ನಾಡಿನ ಹೆಸರನ್ನೂ ಭಾರತದ ಮನೆಮನೆಗೆ ಮುಟ್ಟಿಸಿದ ಅಮೀರಬಾಯಿ ಕರ್ನಾಟಕಿಯವರ ಚರಿತ್ರೆಯನ್ನು ಇಂದು ವಾಚಕರ ಮುಂದಿಡಲು ನಾವು ಬಯಸುತ್ತೇವೆ.

ಅಂದು ಬಿಜಾಪುರ ಜಿಲ್ಲೆಗೆ ಸೇರಿದ್ದು ಇಂದು ಬಾಗಲಕೋಟೆ ಜಿಲ್ಲೆಯಲ್ಲಿರುವ ಬೀಳಗಿಯಲ್ಲಿ, ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ, ಸಾಮಾನ್ಯ ಸ್ಥಿತಿಯ ಒಂದು ಮುಸಲ್ಮಾನ ಕುಟುಂಬದಲ್ಲಿ ಅಮೀರಬಾಯಿಯವರು ಜನಿಸಿದರು. ಕನ್ನಡವೇ ಅವರ ಆಡುನುಡಿ. ಹಲವರು ಸೋದರಿಯರ ಈ ಮನೆಯಲ್ಲಿ ಅಮೀರಬಾಯಿಯವರೂ ಅವರ ಅಕ್ಕ ಗೋಹರಬಾಯಿಯವರೂ ಕಲಾಲೋಕದಲ್ಲಿ ಪ್ರಸಿದ್ಧರಾದರು. ಗೋಹರಬಾಯಿಯವರು ಮುಂದೆ ಬಾಲಗಂಧರ್ವರ ನಾಟಕ ಮಂಡಳಿಯನ್ನು ಸೇರಿ ಮರಾಠಿ ರಂಗಭೂಮಿಯಲ್ಲಿ ಹೆಸರು ಪಡೆದರು.

ಆ ಕಾಲದ ಉತ್ತರ ಕರ್ನಾಟಕದ ಸಂಗತಿಯನ್ನು ಇಲ್ಲಿ ಸ್ಮರಿಸುವುದು ಅವಶ್ಯ. ಬಿಜಾಪುರ, ಧಾರವಾಡ, ಬೆಳಗಾವಿ ಪ್ರಾಂತಗಳು ಮುಂಬಯಿ ಇಲಾಖೆಗೆ ಒಳಪಟ್ಟಿದ್ದವು. ಊರೂರಿಗೆ ಬರುತ್ತಿದ್ದ ಮರಾಠಿ ನಾಟಕ ಮಂಡಳಿಗಳ ಪ್ರಭಾವವು ಅತಿಶಯವಾಗಿದ್ದಿತು. ಅದಕ್ಕೆ ಪ್ರತಿಯಾಗಿ ಗದುಗಿನಲ್ಲಿ ಶಾಂತಕವಿಗಳು ಕನ್ನಡ ನಾಟಕವನ್ನು ಕಟ್ಟಿ ನಿಲ್ಲಿಸಿದ ಮೇಲೆ ಕನ್ನಡದ ವೃತ್ತಿಮಂಡಳಿಗಳು ಒಂದೊಂದಾಗಿ ತಲೆಯೆತ್ತಿದವು. ಸಂಗೀತವೇ ಈ ನಾಟಕಗಳ ಜೀವಾಳವಾಗಿದ್ದಿತು. ಆದರೂ ರಂಗಸ್ಥಳವನ್ನು ಏರಿದ ಹೆಣ್ಣುಮಗಳನ್ನು ಸಮಾಜವು ಗೌರವದ ಕಣ್ಣಿನಿಂದ ನೋಡುತ್ತಿರಲಿಲ್ಲ. ರಾತ್ರಿ ಅವಳ ಪದಕ್ಕೆ ಚಪ್ಪಾಳೆ ತಟ್ಟಿದ ಸಭ್ಯಗೃಹಸ್ಥರೇ ಬೆಳಗಾದರೆ ಅವಳ ಕುಲಗೋತ್ರಗಳನ್ನು ವಿಚಾರಿಸಿ ಮೂಗು ಮುರಿಯುತ್ತಿದ್ದರು. ಬಯಲುಸೀಮೆಯ ಒಂದು ಸಣ್ಣ ಊರಿನ ಬಾಲೆಯು ಹಾಡನ್ನೇ ಜೀವನೋಪಾಯವನ್ನಾಗಿ ಆರಿಸಿಕೊಂಡು ಮುಂಬಯಿಗೆ ಹೊರಟುದು ಎಷ್ಟು ದೊಡ್ಡ ಸಾಹಸವೆಂಬುದು ಇದರಿಂದ ತಿಳಿದೀತು.

ಮುಂಬಯಿಯಲ್ಲಿ ಮೊದಲು ಅವರ ಕೈಹಿಡಿದುದು ಗ್ರಾಮೋಫೋನ್ ತಟ್ಟೆ. ಖವಾಲಿ ಮೊದಲಾದ ಹಾಡುಗಳಿಂದ ಅವರ ಕಂಠವು ಜನರ ಕಿವಿಗೆ ಬಿದ್ದಿತು. ೧೯೩೧ನೆಯ ಮಾರ್ಚ್ ೧೪ರಂದು ಮುಂಬಯಿಯಲ್ಲಿ ಆಲಂ ಆರಾ ಎಂಬ ಮೊದಲ ಹಿಂದಿ ಬೋಲಪಟವು ತೆರೆಕಂಡಿದ್ದಿತು. ಅಂದಿನಿಂದ ಚಿತ್ರಸಂಸ್ಥೆಗಳು ಹಾಡಬಲ್ಲ ನಟಿಯರನ್ನು ಹುಡುಕತೊಡಗಿದವು. ೧೯೩೪ರಲ್ಲಿ ವಿಷ್ಣುಭಕ್ತಿ ಎಂಬ ಚಿತ್ರದ ಮೂಲಕ ಅಮೀರಬಾಯಿಯವರು ಪರದೆಯನ್ನು ಪ್ರವೇಶಿಸಿದರು. ಕಲಾವಿದರನ್ನು ಅವರ ಪ್ರಾಂತದ ಹೆಸರಿನಿಂದ ಗುರುತಿಸುವ ರೂಢಿ ಅಲ್ಲಿದ್ದುದರಿಂದ ಕರ್ನಾಟಕಿ ಎಂಬ ಉಪನಾಮವು ಅವರಿಗೆ ಸ್ಥಿರವಾಗಿ ನಿಂತಿತು.

ಮೊದಮೊದಲ ಬೋಲಪಟಗಳಲ್ಲಿ ನಟಿಯು ಅಭಿನಯಿಸುತ್ತಲೇ ಹಾಡಬೇಕಾಗಿದ್ದಿತು. ವಾದ್ಯಗಾರರು ಗಿಡದ ಮರೆಯಲ್ಲಿಯೋ ಪರದೆಯ ಹಿಂದೆಯೋ ಅಡಗಿ ನುಡಿಸುವರು. ಧ್ವನಿಗ್ರಾಹಕವನ್ನು ನೋಡುವವರಿಗೆ ಕಾಣದಂತೆ ಇರಿಸುವರು. ಒಂದು ಸ್ವರ ತಪ್ಪಿದರೆ ಎಲ್ಲವನ್ನೂ ಮೊದಲಿನಿಂದ ತೊಡಗಬೇಕು. ೧೯೩೫ರಲ್ಲಿ ಕಲಕತ್ತೆಯ ನ್ಯೂ ಥಿಯೇಟರ್ಸ್ ಸಂಸ್ಥೆಯವರು ಹಾಡನ್ನು ಮೊದಲೇ ಮುದ್ರಿಸಿಕೊಂಡು ಅನಂತರ ಅದಕ್ಕೆ ತಕ್ಕಂತೆ ಅಭಿನಯಿಸುವ ಪದ್ಧತಿಯನ್ನು ಆಚರಣೆಗೆ ತಂದರು. ಇದರಿಂದ ಮುಖವೂ ಧ್ವನಿಯೂ ಬೇರೆ ಬೇರೆಯಾದವು. ಅಮೀರಬಾಯಿಯವರ ಉದಯಕ್ಕೂ ಅಸ್ತಕ್ಕೂ ಈ ಒಂದು ಪದ್ಧತಿಯೇ ಕಾರಣವಾಯಿತೆಂದು ನಾವು ಭಾವಿಸುತ್ತೇವೆ.

೧೯೪೦ರಲ್ಲಿ ಬಂದ ನರಸೀ ಭಗತ್ ಚಿತ್ರದಲ್ಲಿ ವಿಷ್ಣುಪಂತ ಪಾಗನೀಸರು ಭಕ್ತ ನರಸಿ ಮೆಹತಾನ ಪಾತ್ರವನ್ನು ವಹಿಸಿದ್ದರು. ಗಾಂಧೀಜಿಯವರ ಪ್ರಾರ್ಥನೆಯಲ್ಲಿ ನಿತ್ಯಸ್ಥಾನ ಪಡೆದ ವೈಷ್ಣವಜನ ಭಜನೆಯು ಆ ಚಿತ್ರದಲ್ಲಿ ಅಮೀರಬಾಯಿಯವರ ಕಂಠದಿಂದಲೂ ಹೊಮ್ಮಿತು. ಗುಜರಾತಿನ ವೈಷ್ಣವ ಸಂತನ ವಾಣಿಯನ್ನು ಬೀಳಗಿಯ ಮುಸಲ್ಮಾನ ಕನ್ಯೆಯೊಬ್ಬಳು ಹಾಡಿ ಹಿಂದುಸ್ಥಾನವೆಲ್ಲ ಕೇಳಿತೆಂದರೆ, ನಮ್ಮ ದೇಶದ ಏಕತೆಗೆ ಇದಕ್ಕಿಂತ ಸಹಜವಾದ ನಿದರ್ಶನವನ್ನು ಬೇರೆ ಹುಡುಕಬೇಕಾಗಿಲ್ಲ.

ಅವರ ಕೀರ್ತಿಯು ಶಿಖರವನ್ನೇರಿದುದು ೧೯೪೩ರಲ್ಲಿ. ಬಾಂಬೆ ಟಾಕೀಸ್ ಸಂಸ್ಥೆಯ ಕಿಸ್ಮತ್ ಚಿತ್ರವು ಆ ವರ್ಷ ಹೊರಬಂದಿತು. ಜ್ಞಾನ ಮುಖರ್ಜಿಯವರು ಅದರ ನಿರ್ದೇಶಕರು. ಅನಿಲ ಬಿಸ್ವಾಸರು ಸಂಗೀತ ನಿಯೋಜಿಸಿದ್ದರು. ಕವಿ ಪ್ರದೀಪರು ಗೀತೆಗಳನ್ನು ರಚಿಸಿದ್ದರು. ನಾಯಿಕೆ ಮುಮ್ತಾಜ್ ಶಾಂತಿಯವರ ಪಾತ್ರಕ್ಕೆ ಧ್ವನಿಯನ್ನಿತ್ತವರು ಅಮೀರಬಾಯಿಯವರು. ಚಲೇಜಾವ್ ಚಳವಳಿಯ ನಾಯಕರು ಇನ್ನೂ ಸೆರೆಮನೆಯಲ್ಲಿದ್ದ ಕಾಲವದು. ಪರಕೀಯರು ಹಿಂದುಸ್ಥಾನದಿಂದ ದೂರ ಸರಿಯಬೇಕೆಂದು ಸಾರುವ ಮೇಳಗೀತವೊಂದು ಆ ಚಿತ್ರದಲ್ಲಿದ್ದಿತು. ಯುದ್ಧದಲ್ಲಿ ಎದುರಾಳಿಗಳಾಗಿದ್ದ ಜರ್ಮನರ ಮತ್ತು ಜಪಾನೀಯರ ಹೆಸರು ಅದರಲ್ಲಿ ಬಂದುದರಿಂದ ಪರೀಕ್ಷಣಾಧಿಕಾರಿಗಳು ಅದಕ್ಕೆ ಅಡ್ಡಿ ಮಾಡಲಿಲ್ಲ. ಪ್ರೇಕ್ಷಕರಿಗಾದರೋ ಆ ಪರಕೀಯರು ಯಾರೆಂಬುದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅರ್ಥವು ಸರಕಾರಕ್ಕೆ ಹೊಳೆದ ಮೇಲೆ ಕವಿಯು ಬಂಧನದ ಭಯದಿಂದ ಕೆಲಕಾಲ ಮರೆಯಾಗಿರಬೇಕಾಯಿತು. ಈ ಗೀತವನ್ನು ಖಾನ್ ಮಸ್ತಾನರ ಜೊತೆಯಲ್ಲಿ ಹಾಡಿದವರು ಅಮೀರಬಾಯಿಯವರೇ. ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಆ ಚಿತ್ರವು ಮೂರು ವರ್ಷಗಳಿಗೂ ಮೀರಿ ನಡೆದು ದಾಖಲೆಯನ್ನು ಸ್ಥಾಪಿಸಿತು. ಸೆರೆಮನೆಯನ್ನು ಕಂಡವರ ಹೆಸರುಗಳನ್ನು ಸ್ವಾತಂತ್ರ್ಯ ಸಂಗ್ರಾಮದ ಚರಿತ್ರೆಯಲ್ಲಿ ಬರೆಯುವುದು ನ್ಯಾಯವೇ ಸರಿ. ಹೋರಾಟವು ಹತ್ತಿಕ್ಕಲ್ಪಟ್ಟಿದ್ದಾಗ ಲಕ್ಷಾಂತರ ಜನರ ಎದೆಯಲ್ಲಿ ಧೈರ್ಯವನ್ನು ಕಾದಿಟ್ಟ ಕಂಠವನ್ನು ಮರೆಯುವುದು ಮಾತ್ರ ನ್ಯಾಯವಲ್ಲ.

ಮರುವರ್ಷ ೧೯೪೪ರಲ್ಲಿ ನೌಷಾದರ ಸಂಗೀತದ ರತನ್ ಚಿತ್ರದಲ್ಲಿ ಅವರು ಹಾಡಿದ ವಿರಹಗೀತೆಯು ಮನೆಮಾತಾಯಿತು. ೧೯೪೬ರ ರಾಣಕದೇವಿ ಚಿತ್ರದ ಮೂಲಕ ಗುಜರಾತಿ ಜನರೂ ಅವರನ್ನು ತಮ್ಮವರೆಂದು ಒಪ್ಪಿಕೊಂಡರು. ೧೯೪೭ರ ಶಹನಾಯಿ ಚಿತ್ರದಲ್ಲಿ ಸಿ. ರಾಮಚಂದ್ರರಿಗಾಗಿ ಹಾಡಿದರು. ಇತರ ಗಾಯಕಿಯರಿಗೆ ಹಾಡೊಂದಕ್ಕೆ ೫೦೦ ರೂಪಾಯಿ ದೊರೆಯುತ್ತಿದ್ದಾಗ ಅಮೀರಬಾಯಿಯವರಿಗೆ ೧,೦೦೦ ರೂಪಾಯಿ ಸಲ್ಲುತ್ತಿತ್ತೆಂದು ಫಿಲ್ಮ್ ಇಂಡಿಯಾ ಪತ್ರಿಕೆಯ ಬಾಬುರಾವ್ ಪಟೇಲರು ಬರೆದಿದ್ದರು. ೧೯೪೮ರ ಶಹನಾಜ್ ಚಿತ್ರಕ್ಕೆ ಅವರೇ ಸಂಗೀತವನ್ನು ನಿಯೋಜಿಸಿದರು. ಸಂಗೀತ ನಿಯೋಜನೆಯು ಬಹುತೇಕ ಪುರುಷರ ಕೈಯಲ್ಲಿಯೇ ಇದ್ದ ಆ ದಿನಗಳಲ್ಲಿ ಇದು ಅಲ್ಪಸಂಗತಿಯಲ್ಲ. ಕನ್ನಡ ನಾಡು ಅವರನ್ನು ಕನ್ನಡ ಕೋಗಿಲೆಯೆಂದು ಕರೆದು ಸಂತೋಷಪಟ್ಟಿತು. ಅವರ ಹೆಸರನ್ನು ಹೊತ್ತ ಚಿತ್ರಮಂದಿರವು ಬಿಜಾಪುರದ ಜನರಿಗೆ ಬಹುಕಾಲ ಪರಿಚಿತವಾಗಿದ್ದಿತು.

ಗೃಹಜೀವನದಲ್ಲಿ ಅವರಿಗೆ ಇಂಥ ಭಾಗ್ಯವು ಮೊದಲಿಗೆ ದೊರೆಯಲಿಲ್ಲ. ನಟ ಹಿಮಾಲಯವಾಲಾರೊಡನೆ ಆದ ವಿವಾಹವು ಸುಖಕರವಾಗದೆ ಮುರಿದುಬಿದ್ದಿತು. ದೇಶವಿಭಜನೆಯಾದಾಗ ಅವರು ಪಾಕಿಸ್ತಾನಕ್ಕೆ ತೆರಳಿದರು. ಅಮೀರಬಾಯಿಯವರು ಇಲ್ಲಿಯೇ ಉಳಿದರು. ಮುಂದೆ ಪತ್ರಿಕಾ ಸಂಪಾದಕ ಬದ್ರಿ ಕಾಂಚವಾಲಾ ಅವರನ್ನು ವರಿಸಿ ನೆಮ್ಮದಿಯನ್ನು ಕಂಡರು.

ಅಷ್ಟರಲ್ಲಿ ಕಾಲವು ತಿರುಗಿದ್ದಿತು. ಮುಖವೂ ಧ್ವನಿಯೂ ಬೇರೆಯಾದ ಮೇಲೆ ಧ್ವನಿಯನ್ನು ಬದಲಿಸುವುದು ಸುಲಭವಾಯಿತು. ಹಳೆಯ ತುಂಬುಕಂಠದ ಬದಲಾಗಿ ಸಣ್ಣನೆಯ, ನಯವಾದ ಧ್ವನಿಯು ಜನರ ಅಭಿರುಚಿಗೆ ಒಪ್ಪಿತು. ೧೯೪೯ರ ಮಹಲ್ ಚಿತ್ರದೊಂದಿಗೆ ಲತಾ ಮಂಗೇಶಕರರ ಯುಗವು ತೊಡಗಿತು. ಆ ಚಿತ್ರದ ಪ್ರಸಿದ್ಧ ಹಾಡಿನ ತಟ್ಟೆಯ ಮೇಲೆ ಮೊದಲು ಅಚ್ಚಾದುದು ಗಾಯಕಿಯ ಹೆಸರಲ್ಲ, ಚಿತ್ರದೊಳಗಿನ ಪಾತ್ರದ ಹೆಸರು! ಧ್ವನಿಯನ್ನು ಮಾರಾಟ ಮಾಡುವವರು ಧ್ವನಿಯ ಒಡತಿಗೆ ಎಷ್ಟರ ಮಾನ್ಯತೆಯನ್ನು ಕೊಡುತ್ತಿದ್ದರೆಂಬುದಕ್ಕೆ ಬೇರೆ ಸಾಕ್ಷಿ ಏತಕ್ಕೆ? ೧೯೫೦ರಲ್ಲಿ ಆಜಾದ್ ಹಿಂದ್ ಸೇನೆಯ ಕಥೆಯನ್ನು ಹೇಳುವ ಸಮಾಧಿ ಚಿತ್ರಕ್ಕಾಗಿ ಲತಾ ಅವರೂ ಅಮೀರಬಾಯಿಯವರೂ ಜೊತೆಗೂಡಿ ಹಾಡಿದರು. ಏರುವ ಸೂರ್ಯನೂ ಇಳಿಯುವ ಚಂದ್ರನೂ ಒಂದೇ ಆಕಾಶದಲ್ಲಿ ಕಾಣುವ ಪ್ರಾತಃಕಾಲದಂತೆ ಆ ಯುಗಳಗೀತವು ನಮಗೆ ತೋರುತ್ತದೆ.

ಅನಂತರ ಹಾಡುಗಳು ವಿರಳವಾದವು. ಅಮೀರಬಾಯಿಯವರು ಮತ್ತೆ ಅಭಿನಯದ ಕಡೆಗೆ ತಿರುಗಿ ಸಣ್ಣಪುಟ್ಟ ಪೋಷಕ ಪಾತ್ರಗಳನ್ನು ವಹಿಸಿದರು. ಮುಖವನ್ನು ತೋರದೆ ಧ್ವನಿಯಿಂದ ರಾಜ್ಯವಾಳಿದವರು ಕಡೆಗೆ ಧ್ವನಿಯನ್ನು ಅಡಗಿಸಿ ಮುಖವನ್ನಷ್ಟೇ ತೋರಬೇಕಾಗಿ ಬಂದುದು ವಿಧಿಯ ವಿಚಿತ್ರ. ಆದರೂ ಅವರು ಉದ್ಯೋಗವನ್ನು ಕೀಳೆಂದು ತಿಳಿದು ಕೈಬಿಡಲಿಲ್ಲ. ಪಾರ್ಶ್ವವಾಯುವಿಗೆ ತುತ್ತಾಗಿ ೧೯೬೫ನೆಯ ಮಾರ್ಚ್ ೩ರಂದು ನಿಧನ ಹೊಂದಿದರು.

ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಅಮೀರಬಾಯಿಯವರು ಪರದೆಯನ್ನು ಪ್ರವೇಶಿಸಿದ ೧೯೩೪ರಲ್ಲಿ ಭಾರತದ ನಕಾಶೆಯ ಮೇಲೆ ಕರ್ನಾಟಕವೆಂಬ ಪ್ರಾಂತವೇ ಇರಲಿಲ್ಲ. ೧೯೫೬ರಲ್ಲಿ ಏಕೀಕರಣವಾದಾಗಲೂ ರಾಜ್ಯಕ್ಕೆ ಮೈಸೂರೆಂಬ ಹೆಸರೇ ಉಳಿಯಿತು. ಕರ್ನಾಟಕವೆಂಬ ನಾಮಕರಣವಾದುದು ೧೯೭೩ರ ನವೆಂಬರ್ ೧ರಂದು, ಅಂದರೆ ಅವರು ಮಡಿದ ಎಂಟು ವರ್ಷಗಳ ತರುವಾಯ. ಸರಕಾರಗಳೂ ಸಮಿತಿಗಳೂ ಆ ಹೆಸರಿಗಾಗಿ ವಾದಿಸುತ್ತಿದ್ದಾಗಲೇ, ಯಾವ ಠರಾವಿನ ಗೊಡವೆಯೂ ಇಲ್ಲದೆ, ಲಾಹೋರಿನಿಂದ ಕಲಕತ್ತೆಯವರೆಗೆ ಆ ಹೆಸರನ್ನು ಜನರ ನಾಲಿಗೆಯ ಮೇಲೆ ನಿಲ್ಲಿಸಿದವರಲ್ಲಿ ಈ ಹೆಣ್ಣುಮಗಳು ಒಬ್ಬರು.

ನಾಡು ಅವರ ಹೆಸರನ್ನು ಮರಳಿ ಹೊರುವ ಋಣವು ಇನ್ನೂ ಉಳಿದಿದೆ. ಸ್ಮಾರಕ ಭವನಗಳಿಗಿಂತ ಮುಂಚೆ ಆಗಬೇಕಾದ ಕಾರ್ಯವು ಒಂದಿದೆ. ಅವರ ತಟ್ಟೆಗಳನ್ನು ಕೂಡಿಸಿ ಕಾದಿಡಬೇಕು. ಹಾಡನ್ನು ಕೇಳಿಸುವವರು ಚಿತ್ರದ ನಾಯಿಕೆಯ ಹೆಸರಿಗೆ ಮುಂಚೆ ಗಾಯಕಿಯ ಹೆಸರನ್ನು ಹೇಳಬೇಕು. ಹಾಡು ಸವಿಯಾಯಿತು, ಹಾಡಿದವಳು ಮಾತ್ರ ಬೇಡವಾದಳು ಎಂಬ ಅಪವಾದವನ್ನು ಕನ್ನಡಿಗರು ತಮ್ಮ ಮೇಲೆ ಹೊತ್ತುಕೊಳ್ಳಬಾರದು.