ವೆಲ್ಲೂರಿನ ಡಾಕ್ಟರಮ್ಮ

ಕೋಲಾರ, ಬಂಗಾರಪೇಟೆ ಕಡೆಯವರಾದ ನಮಗೆ ವೆಲ್ಲೂರೆಂದರೆ ಆಸ್ಪತ್ರೆಯೇ. ಇಲ್ಲಿ ವಾಸಿಯಾಗದ ಕಾಯಿಲೆಯವರನ್ನು ರೈಲು ಹತ್ತಿಸಿ ಅಲ್ಲಿಗೆ ಕರೆದೊಯ್ಯುವುದು ರೂಢಿ. ಆದರೆ ಆ ಆಸ್ಪತ್ರೆಯನ್ನು ಕಟ್ಟಿದ ಐಡಾ ಸ್ಕಡರ್ ತಾವೇ ರೋಗಿಗಳನ್ನು ಹುಡುಕಿಕೊಂಡು ಹಳ್ಳಿಯ ದಾರಿ ಹಿಡಿಯುತ್ತಿದ್ದರೆಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದು.

ಆಕೆ ಹುಟ್ಟಿದ್ದು 1870ರಲ್ಲಿ, ರಾಣಿಪೇಟೆಯಲ್ಲಿ. ತಾತ, ತಂದೆ ಇಬ್ಬರೂ ಅಮೆರಿಕದ ಮಿಷನರಿ ವೈದ್ಯರು. ನಮ್ಮ ಹಿರಿಯರು ಧಾತು ವರ್ಷದ ಕ್ಷಾಮವೆಂದು ಕರೆಯುವ ಬರಗಾಲವನ್ನು ಆಕೆ ಎಳೆಯ ಕಣ್ಣುಗಳಿಂದ ಕಂಡರು. ದೊಡ್ಡವರಾದ ಮೇಲೆ ಈ ದೇಶದ ಗೊಡವೆಯೇ ಬೇಡವೆಂದುಕೊಂಡರು. 1890ರಲ್ಲಿ ಕಾಯಿಲೆಯಾದ ತಾಯಿಯನ್ನು ನೋಡಿಕೊಳ್ಳಲು ತಿಂಡಿವನಕ್ಕೆ ಬಂದಾಗ, ಒಂದೇ ರಾತ್ರಿ ಮೂವರು ಗಂಡಸರು ಒಬ್ಬರ ಹಿಂದೊಬ್ಬರು ಬಾಗಿಲಿಗೆ ಬಂದರು. ಮೂವರ ಹೆಂಡಿರಿಗೂ ಹೆರಿಗೆ ಕಷ್ಟವಾಗಿತ್ತು. ತಂದೆ ಹೊರಡಲು ಸಿದ್ಧರಿದ್ದರು. ಪರಪುರುಷ ಮುಟ್ಟಕೂಡದೆಂದು ಬಂದವರು ಒಪ್ಪಲಿಲ್ಲ. ಮಗಳಿಗೆ ವೈದ್ಯ ತಿಳಿಯದು. ಬೆಳಗಾಗುವಷ್ಟರಲ್ಲಿ ಮೂವರೂ ತೀರಿಕೊಂಡಿದ್ದರು.

ಐಡಾ ಅಮೆರಿಕಕ್ಕೆ ಹಿಂದಿರುಗಿ, ಕಾರ್ನೆಲ್‌ನಲ್ಲಿ ಓದಿ, 1899ರಲ್ಲಿ ವೈದ್ಯ ಪದವಿ ಪಡೆದರು. 1900ರಲ್ಲಿ ವೆಲ್ಲೂರಿನ ಮನೆಯಲ್ಲೇ ಚಿಕಿತ್ಸೆ ಆರಂಭಿಸಿದರು. 1902ರಲ್ಲಿ ದಾನಿಯೊಬ್ಬರ ಹಣದಿಂದ 40 ಹಾಸಿಗೆಗಳ ಹೆಂಗಸರ ಆಸ್ಪತ್ರೆ ಎದ್ದಿತು.

ಆಸ್ಪತ್ರೆಯೇನೋ ಆಯಿತು, ಬರುವವರು ಹೇಗೆ ಬರಬೇಕು? ಔಷಧಿ ಧರ್ಮಕ್ಕೆ ಸಿಕ್ಕರೂ ಬಡವನಿಗೆ ಅದು ಅಗ್ಗವಲ್ಲ. ನನ್ನ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ನನ್ನ ತಾಯಿ ಕೂಲಿ ಮಾಡುವವರು. ಡಾಕ್ಟರಲ್ಲಿಗೆ ಹೋಗುವುದೆಂದರೆ ಅವರು ಮೊದಲು ಲೆಕ್ಕ ಹಾಕುವುದು ಹೋಗುವ ಒಂದು ದಿನದ ಕೂಲಿಯನ್ನು, ಆಮೇಲೆ ಬಸ್ ಚಾರ್ಜನ್ನು. ಅಷ್ಟರಲ್ಲಿ ಜ್ವರ ತಾನೇ ಇಳಿಯಲೆಂದು ಸುಮ್ಮನಾಗುತ್ತಾರೆ. ಈ ಲೆಕ್ಕ ಐಡಾ ಅವರಿಗೆ ನೂರು ವರ್ಷಗಳ ಹಿಂದೆಯೇ ಅರ್ಥವಾಗಿತ್ತು.

ಆದ್ದರಿಂದ ಆಕೆ ಗುಡಿಯಾತ್ತಂ ರಸ್ತೆಯಲ್ಲಿ ವಾರಕ್ಕೊಂದು ದಿನ ಗೊತ್ತುಮಾಡಿಕೊಂಡು ಹೊರಟರು. ಮೊದಲು ಎತ್ತಿನ ಗಾಡಿ, ಕೆಲವು ವರ್ಷಗಳ ತರುವಾಯ ಫ್ರಾನ್ಸಿನ ಒಂದು ಪುಟ್ಟ ಮೋಟಾರು. ಅದರ ಸದ್ದಿಗೆ ಹಳ್ಳಿಯವರು ಹೆದರಿ ಓಡಿದ್ದೂ ಉಂಟಂತೆ! ಗೊತ್ತಾದ ಮರದ ನೆರಳಿನಲ್ಲಿ ಗಾಡಿ ನಿಲ್ಲುತ್ತಿತ್ತು, ಔಷಧಿಯ ಪೆಟ್ಟಿಗೆ ಇಳಿಯುತ್ತಿತ್ತು. ಹುಣ್ಣು ತೊಳೆದು ಕಟ್ಟುವುದು, ಕಣ್ಣಿಗೆ ಔಷಧಿ ಹಾಕುವುದು, ಹಲ್ಲು ಕೀಳುವುದು ಎಲ್ಲವೂ ಅಲ್ಲಿಯೇ. ಊರವರು ದೂರವಿಟ್ಟ ಕುಷ್ಠರೋಗಿಗಳಿಗೂ ಅಲ್ಲಿ ಚಿಕಿತ್ಸೆಯಿತ್ತು. ಶಸ್ತ್ರಚಿಕಿತ್ಸೆ ಬೇಕಾದವರನ್ನು ಮಾತ್ರ ವೆಲ್ಲೂರಿಗೆ ಕರೆತರುತ್ತಿದ್ದರು. ದಿನವೂ ಜಾಗವೂ ಗೊತ್ತಿದ್ದುದರಿಂದ ಜನ ಕಾದಿರುತ್ತಿದ್ದರು. ಆಕೆಯ ಕೆಲಸಗಳಲ್ಲೆಲ್ಲ ದೊಡ್ಡದು ಇದೇ ಎಂದು ನನಗೆ ತೋರುತ್ತದೆ; ಕಟ್ಟಡಗಳ ಮಾತು ಆಮೇಲೆ.

ಒಬ್ಬ ಡಾಕ್ಟರಮ್ಮನಿಂದ ಎಷ್ಟು ಮರಗಳ ಕೆಳಗೆ ಕೂರಲಾದೀತು? 1909ರಲ್ಲಿ ದಾದಿಯರ ಶಾಲೆಯನ್ನೂ, 1918ರಲ್ಲಿ ಹೆಣ್ಣುಮಕ್ಕಳಿಗಾಗಿಯೇ ವೈದ್ಯ ಶಾಲೆಯನ್ನೂ ತೆರೆದರು. 1922ರಲ್ಲಿ ಮೊದಲ 14 ಮಂದಿ ಹೊರಬಂದರು. ಮುಂದೆ ಪದವಿ ಶಿಕ್ಷಣ ಕಡ್ಡಾಯವಾಗಿ ಶಾಲೆಯ ಉಳಿವೇ ಅನುಮಾನವಾದಾಗ, ಎಪ್ಪತ್ತು ದಾಟಿದ ಆಕೆ ಹಣ ಕೂಡಿಸಲು ಮತ್ತೆ ಅಮೆರಿಕಕ್ಕೆ ಹೋದರು. ಶಾಲೆ ಉಳಿಯಿತು, 1947ರಿಂದ ಗಂಡುಮಕ್ಕಳಿಗೂ ಪ್ರವೇಶ ದೊರೆಯಿತು. 1960ರ ಮೇ 24ರಂದು ಕೊಡೈಕನಾಲಿನಲ್ಲಿ ಆಕೆ ತೀರಿಕೊಂಡರು.

ಇಂದು ಆ ದೊಡ್ಡ ಆಸ್ಪತ್ರೆಯ ಖರ್ಚು ಎಲ್ಲರ ಕೈಗೂ ಎಟುಕುವುದೆಂದು ನಾನು ಹೇಳಲಾರೆ. ಆದರೆ 1977ರಲ್ಲಿ ಅದೇ ಸಂಸ್ಥೆ ಗುಡಿಯಾತ್ತಂ ಕಡೆಯ ಕೆ.ವಿ. ಕುಪ್ಪಂನಲ್ಲಿ ರುಹ್ಸಾ ಎಂಬ ಗ್ರಾಮೀಣ ಆರೋಗ್ಯ ಕೇಂದ್ರವನ್ನು ತೆರೆದು, ಹಳ್ಳಿಯ ಹೆಂಗಸರಿಗೇ ಆರೋಗ್ಯದ ಕೆಲಸ ಕಲಿಸಿ ಅವರವರ ಊರಿಗೇ ಕಳುಹಿಸತೊಡಗಿತು.