‘ಪ್ರಜೆ’ಯ ಎರಡು ಅರ್ಥಗಳು: ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಸಾರ್ವಜನಿಕ ಬದುಕು

ಕನ್ನಡದಲ್ಲಿ ‘ಪ್ರಜೆ’ ಎಂಬ ಪದವು ಎರಡು ಅರ್ಥಗಳಲ್ಲಿ ಬಳಕೆಯಲ್ಲಿದೆ. ಅರಸನ ಆಳ್ವಿಕೆಗೆ ಒಳಪಟ್ಟವನೂ ಪ್ರಜೆಯೇ. ಸಂವಿಧಾನವು ಮಾನ್ಯ ಮಾಡಿದ ಹಕ್ಕುಗಳನ್ನು ಪಡೆದವನೂ ಪ್ರಜೆಯೇ. ಮೊದಲನೆಯವನು ಪ್ರಭುವಿನ ರಕ್ಷಣೆಯನ್ನು ನಿರೀಕ್ಷಿಸುತ್ತಾನೆ. ಎರಡನೆಯವನು ತನ್ನದಾದುದನ್ನು ಕೇಳುತ್ತಾನೆ. ಒಬ್ಬನ ಧರ್ಮಕ್ಕೂ ರಾಜ್ಯದಲ್ಲಿ ಅವನಿಗಿರುವ ಸ್ಥಾನಕ್ಕೂ ಇರುವ ಸಂಬಂಧವನ್ನು ವಿಚಾರಿಸುವಾಗ ಈ ಎರಡು ಅರ್ಥಗಳ ನಡುವಿನ ಅಂತರವು ಮುಖ್ಯವಾಗುತ್ತದೆ.

ಮುಸ್ಲಿಂ ರಾಷ್ಟ್ರಗಳಲ್ಲಿ ಪೌರತ್ವಕ್ಕೂ ಉನ್ನತ ಪದವಿಗಳಿಗೂ ಧಾರ್ಮಿಕ ಅರ್ಹತೆಯನ್ನು ವಿಧಿಸುವ ವಿಚಾರವು ಕರ್ನಾಟಕದ ಚರಿತ್ರೆಗೆ ಹೊರಗಿನದೆಂದು ಭಾವಿಸುವುದು ವಾಡಿಕೆ. ಆದರೆ ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು 1948ರವರೆಗೆ ಮುಸ್ಲಿಂ ದೊರೆಯೊಬ್ಬನ ಸಂಸ್ಥಾನದಲ್ಲಿದ್ದವು. ಹಿಂದೂ ಅರಸರ ಮೈಸೂರಿನಲ್ಲಿ ಮುಸ್ಲಿಮರೊಬ್ಬರು 15 ವರ್ಷ ದಿವಾನರಾಗಿದ್ದರು. ಈ ಎರಡೂ ಸಂಸ್ಥಾನಗಳ ಆಡಳಿತದ ಚುಕ್ಕಾಣಿ ಹಿಡಿದವರು ಮಿರ್ಜಾ ಇಸ್ಮಾಯಿಲ್. ಅವರ ಬದುಕನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಷಿರಾಜ್‌ನಿಂದ ಬೆಂಗಳೂರಿಗೆ

ಮಿರ್ಜಾ ಅವರದು ಪರ್ಷಿಯಾ ಮೂಲದ ಷಿಯಾ ಮನೆತನ. ಅವರ ಅಜ್ಜ ಅಲಿ ಅಸ್ಕರ್ 19ನೆಯ ಶತಮಾನದ ಪೂರ್ವಾರ್ಧದಲ್ಲಿ ಷಿರಾಜ್‌ನಿಂದ ಕುದುರೆಗಳನ್ನು ತಂದು ವ್ಯಾಪಾರ ಮಾಡುತ್ತ ಬೆಂಗಳೂರಿನಲ್ಲಿ ನೆಲೆನಿಂತರು. ಕಮಿಷನರ್ ಮಾರ್ಕ್ ಕಬ್ಬನ್ ಅವರ ವಿಶ್ವಾಸ ಗಳಿಸಿ, ದಂಡು ಪ್ರದೇಶದಲ್ಲಿ ಹಲವು ಬಂಗಲೆಗಳನ್ನು ಕಟ್ಟಿಸಿದರು. ಬೆಂಗಳೂರಿನ ಅಲಿ ಅಸ್ಕರ್ ರಸ್ತೆ ಇಂದಿಗೂ ಅವರ ಹೆಸರನ್ನು ಉಳಿಸಿಕೊಂಡಿದೆ.

1883ರ ಅಕ್ಟೋಬರ್‌ನಲ್ಲಿ ಜನಿಸಿದ ಮಿರ್ಜಾ ಅವರಿಗೆ ಬಾಲ್ಯದಲ್ಲೇ ಅರಮನೆಯ ಸಂಬಂಧ ಒದಗಿತು. ಸ್ಟುವರ್ಟ್ ಫ್ರೇಸರ್ ಅವರ ಮೇಲ್ವಿಚಾರಣೆಯಲ್ಲಿ ಎಳೆಯ ಅರಸು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಪಾಠ ನಡೆಯುತ್ತಿದ್ದಾಗ ಜೊತೆಗೆ ಕಲಿತ ಹುಡುಗರಲ್ಲಿ ಅವರೂ ಒಬ್ಬರು. ಸೆಂಟ್ರಲ್ ಕಾಲೇಜಿನ ಪದವಿಯ ಬಳಿಕ ಪೊಲೀಸ್ ಇಲಾಖೆಯ ಮೂಲಕ ಸರ್ಕಾರಿ ಸೇವೆಗೆ ಬಂದರು. ಮುಂದೆ ಹುಜೂರ್ ಕಾರ್ಯದರ್ಶಿಯಾಗಿ, ಮಹಾರಾಜರ ಖಾಸಗಿ ಕಾರ್ಯದರ್ಶಿಯಾಗಿ ದುಡಿದು 1926ರಲ್ಲಿ ದಿವಾನರಾದರು.

ಇಲ್ಲಿ ಒಂದು ಹೋಲಿಕೆಯನ್ನು ಗಮನಿಸಬೇಕು. ಅಜ್ಜನ ತಾಯ್ನಾಡಾದ ಪರ್ಷಿಯಾ 1906ರಲ್ಲಿ ಸಂವಿಧಾನವನ್ನು ಪಡೆಯಿತು. ಮರುವರ್ಷದ ಪೂರಕ ಶಾಸನವು ಷಿಯಾ ಪಂಥವನ್ನು ರಾಜ್ಯಧರ್ಮವೆಂದು ಸಾರಿ, ಮುಸ್ಲಿಮರಲ್ಲದವರು ಮಂತ್ರಿಗಳಾಗುವಂತಿಲ್ಲ ಎಂದು ವಿಧಿಸಿತು. ಅದೇ ಶಾಸನ ರಾಜ್ಯದ ಪ್ರಜೆಗಳೆಲ್ಲರೂ ಕಾನೂನಿನ ಮುಂದೆ ಸಮಾನರೆಂದೂ ಹೇಳಿತ್ತು. ಸಮಾನತೆಯ ಮಾತಿನ ಪಕ್ಕದಲ್ಲೇ ಅಧಿಕಾರಕ್ಕೆ ಧರ್ಮದ ಬೇಲಿ ಹಾಕಲಾಗಿತ್ತು. ಅತ್ತ ಲಿಖಿತ ಸಂವಿಧಾನವಿದ್ದೂ ಈ ನಿರ್ಬಂಧವಿದ್ದರೆ, ಇತ್ತ ಅಂಥ ಲಿಖಿತ ಭರವಸೆಗಳಿಲ್ಲದ ಮೈಸೂರಿನಲ್ಲಿ ಜನಸಂಖ್ಯೆಯ ಹತ್ತನೆಯ ಒಂದು ಪಾಲಿಗಿಂತ ಕಡಿಮೆಯಿದ್ದ ಸಮುದಾಯದ ವ್ಯಕ್ತಿ ದಿವಾನರಾದರು.

2. ಮೈಸೂರಿನ ಮಾದರಿ

ಇದು ಆಕಸ್ಮಿಕವಾಗಿ ಒದಗಿದ ಸಂಗತಿಯಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿ ಹಣಕಾಸಿನ ಹೊಣೆ ಹೊತ್ತಿದ್ದ ಪೂರ್ಣಯ್ಯ 1799ರ ನಂತರ ಒಡೆಯರ ದಿವಾನರಾದ ನಿದರ್ಶನ ಮೈಸೂರಿನ ಮುಂದಿತ್ತು. ಆಡಳಿತದ ಕೌಶಲಕ್ಕೆ ಧರ್ಮ ಅಡ್ಡಿಯಾಗಬಾರದೆಂಬ ತಿಳಿವಳಿಕೆ ಇಲ್ಲಿ ರೂಢಿಯಿಂದ ಬಂದುದೇ ಹೊರತು ಶಾಸನದಿಂದ ಬಂದುದಲ್ಲ. ಮುಜರಾಯಿ ಇಲಾಖೆಯು ದೇವಾಲಯಗಳ ಜೊತೆಗೆ ಮುಸ್ಲಿಂ ಧಾರ್ಮಿಕ ಸಂಸ್ಥೆಗಳನ್ನೂ ನೋಡಿಕೊಳ್ಳುತ್ತಿತ್ತು. ಲಕ್ಕವಳ್ಳಿ, ತರೀಕೆರೆ, ಅಜ್ಜಂಪುರಗಳನ್ನು ಒಳಗೊಂಡಿದ್ದ ಅಂದಿನ ಕಡೂರು ಜಿಲ್ಲೆಯಲ್ಲಿಯೇ, ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಿದ್ದ ಬಾಬಾಬುಡನ್‌ಗಿರಿಯ ಗುಹಾಕ್ಷೇತ್ರವು ಈ ಇಲಾಖೆಯ ವ್ಯಾಪ್ತಿಗೆ ಸೇರಿತ್ತು.

ಮಿರ್ಜಾ ಅವರ ಆಡಳಿತದ ಸಾಧನೆಗಳು ಸುಪರಿಚಿತ. ಕನ್ನಂಬಾಡಿಯ ಬೃಂದಾವನ, ಹಳ್ಳಿಗಳಿಗೆ ವಿದ್ಯುತ್ತು, ಲಕ್ಕವಳ್ಳಿಗೆ ಸಮೀಪದ ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ ಕಂಪನಿ, 1940ರ ವಿಮಾನ ಕಾರ್ಖಾನೆ ಇವುಗಳಲ್ಲಿ ಕೆಲವು. ಇವುಗಳ ಹಿಂದಿದ್ದ ಧೋರಣೆ ಪ್ರಸ್ತುತ ಚರ್ಚೆಗೆ ಹೆಚ್ಚು ಮುಖ್ಯ. ಕೆಲಸ, ಬೆಳಕು, ನೀರು, ಅಂದವಾದ ಊರು ಇವು ಎಲ್ಲ ಧರ್ಮದವರಿಗೂ ಸಮಾನವಾಗಿ ಸಲ್ಲತಕ್ಕವು. ಇವುಗಳನ್ನು ಒದಗಿಸುವ ಪ್ರಭುತ್ವದ ಬಗ್ಗೆ ಪ್ರಜೆಗಳಲ್ಲಿ ತಾನಾಗಿ ನಿಷ್ಠೆ ಬೆಳೆಯುತ್ತದೆ ಎಂಬುದು ಅವರ ನಂಬಿಕೆಯಾಗಿತ್ತೆಂದು ಅವರ ಕಾರ್ಯವಿಧಾನದಿಂದ ಊಹಿಸಬಹುದು.

3. 1928ರ ಪರೀಕ್ಷೆ

ಈ ನಂಬಿಕೆ ಎಷ್ಟು ಸೂಕ್ಷ್ಮವಾದುದೆಂಬುದು ಎರಡೇ ವರ್ಷಗಳಲ್ಲಿ ಸ್ಪಷ್ಟವಾಯಿತು. ಬೆಂಗಳೂರಿನ ಸುಲ್ತಾನ್‌ಪೇಟೆಯ ಸರ್ಕಾರಿ ಶಾಲೆಯ ಆವರಣದಲ್ಲಿದ್ದ ಗಣಪತಿ ವಿಗ್ರಹಕ್ಕೆ ಸಂಬಂಧಿಸಿ 1928ರ ಜುಲೈನಲ್ಲಿ ಹುಟ್ಟಿದ ವಿವಾದವು ವಿದ್ಯಾರ್ಥಿಗಳ ಪ್ರತಿಭಟನೆ, ಬಂಧನಗಳ ಹಾದಿ ಹಿಡಿದು ಹಿಂದೂ ಮುಸ್ಲಿಂ ಘರ್ಷಣೆಯಾಗಿ ಪರಿಣಮಿಸಿತು. ಬೇರೆ ದಿವಾನರ ಕಾಲದಲ್ಲಿ ಅಧಿಕಾರಿಗಳ ಅವಿವೇಕವೆನಿಸಬಹುದಾಗಿದ್ದ ಸಂಗತಿಗೆ ಮಿರ್ಜಾ ಅವರ ಕಾಲದಲ್ಲಿ ದಿವಾನರ ಧರ್ಮವನ್ನು ಕಾರಣವಾಗಿ ತೋರಿಸಲಾಯಿತು. ಸರ್ಕಾರವು ಸರ್ ಎಂ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಿತು. ಸಮಿತಿಯ ವರದಿ ಆಡಳಿತದ ಲೋಪಗಳನ್ನೂ ಎತ್ತಿ ತೋರಿಸಿತು.

ಪದವಿಗೆ ಧರ್ಮದ ನಿರ್ಬಂಧವಿಲ್ಲದಿರುವುದು ಒಂದು ಸಂಗತಿ. ಪದವಿಯಲ್ಲಿರುವವನನ್ನು ಧರ್ಮದಿಂದ ಅಳೆಯದಿರುವುದು ಇನ್ನೊಂದು. ಮೈಸೂರು ಮೊದಲನೆಯದನ್ನು ಸಾಧಿಸಿತ್ತು. ಎರಡನೆಯದು ಅರಸನೊಬ್ಬನ ಇಚ್ಛೆಯಿಂದ ಆಗುವ ಕೆಲಸವಲ್ಲ.

4. ಔದಾರ್ಯದ ಮಿತಿ

ಮಿರ್ಜಾ ಅವರನ್ನು ಕೇವಲ ಸೌಹಾರ್ದದ ಪ್ರತೀಕವಾಗಿ ಚಿತ್ರಿಸುವ ಬರಹಗಳು ಒಂದು ಅಂಶವನ್ನು ಮರೆಯುತ್ತವೆ. ಪ್ರಜೆಗಳಲ್ಲಿ ಧರ್ಮಭೇದ ಎಣಿಸದ ದಿವಾನರು, ಅದೇ ಪ್ರಜೆಗಳು ಆಳುವ ಹಕ್ಕನ್ನು ಕೇಳಿದಾಗ ಸುಲಭವಾಗಿ ಒಪ್ಪಲಿಲ್ಲ. 1881ರಲ್ಲಿ ಆರಂಭವಾದ ಪ್ರಜಾಪ್ರತಿನಿಧಿ ಸಭೆಗೆ ಮತದಾನದ ಹಕ್ಕು ಸೀಮಿತ ವರ್ಗಕ್ಕಿತ್ತು. ಆ ಸಭೆಯ ಅಧ್ಯಕ್ಷರೂ ದಿವಾನರೇ. ಜವಾಬ್ದಾರಿ ಸರ್ಕಾರದ ಬೇಡಿಕೆ ಬಲಗೊಂಡ 1938ರ ಏಪ್ರಿಲ್‌ನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಗುಂಡು ಹಾರಿತು. ಆಮೇಲೆ ವಲ್ಲಭಭಾಯಿ ಪಟೇಲರೊಡನೆ ಆದ ಒಪ್ಪಂದವು ಕಾಂಗ್ರೆಸ್ಸಿಗೂ ಅದರ ಧ್ವಜಕ್ಕೂ ಮಾನ್ಯತೆ ನೀಡಿತು. ಆದರೆ ಜವಾಬ್ದಾರಿ ಸರ್ಕಾರ ಬರಲು ಮೈಸೂರು 1947ರವರೆಗೆ ಕಾಯಬೇಕಾಯಿತು.

ನಂಬಿಕೆಯ ಸ್ವಾತಂತ್ರ್ಯದ ದೃಷ್ಟಿಯಿಂದ ಇನ್ನೊಂದು ಕೊರತೆಯೂ ಕಾಣುತ್ತದೆ. 1936ರಲ್ಲಿ ತಿರುವಾಂಕೂರು ದೇವಾಲಯ ಪ್ರವೇಶದ ಘೋಷಣೆ ಹೊರಡಿಸಿತು. ಮೈಸೂರಿನಲ್ಲಿ ಅದಕ್ಕೆ ಶಾಸನದ ಬಲ ಬಂದುದು ಸ್ವಾತಂತ್ರ್ಯದ ನಂತರ, 1948ರಲ್ಲಿ. ಗಣಪತಿ ಗಲಭೆಯ ಕಹಿಯನ್ನುಂಡ ಮುಸ್ಲಿಂ ದಿವಾನರು ಹಿಂದೂ ದೇವಾಲಯಗಳ ವಿಷಯದಲ್ಲಿ ಸುಧಾರಣೆಗೆ ಕೈಹಾಕುವುದು ಎಷ್ಟು ಕಠಿಣವಾಗಿತ್ತೆಂಬುದನ್ನು ಗ್ರಹಿಸಬಹುದು. ಆದರೆ ಆ ಸಂಕೋಚದ ಬೆಲೆ ತೆತ್ತವರು ಗುಡಿಯ ಹೊರಗೆ ನಿಂತ ದಲಿತ ಪ್ರಜೆಗಳು.

5. ಹೈದರಾಬಾದಿನ ಒಂಬತ್ತು ತಿಂಗಳು

1940ರಲ್ಲಿ ನಾಲ್ವಡಿಯವರು ತೀರಿಕೊಂಡ ಬಳಿಕ, 1941ರಲ್ಲಿ ಮಿರ್ಜಾ ಮೈಸೂರಿನ ಪದವಿ ತೊರೆದರು. ಜಯಪುರದಲ್ಲಿ 1942ರಿಂದ 1946ರವರೆಗೆ ಪ್ರಧಾನಿಯಾಗಿದ್ದು, 1946ರ ಆಗಸ್ಟ್‌ನಲ್ಲಿ ನಿಜಾಮರ ಪ್ರಧಾನಿಯಾಗಿ ಹೈದರಾಬಾದಿಗೆ ಹೋದರು. ಹೊರನೋಟಕ್ಕೆ ಇದು ಅವರಿಗೆ ಅನುಕೂಲದ ಸ್ಥಾನ: ದೊರೆಯೂ ಮುಸ್ಲಿಂ, ಪ್ರಧಾನಿಯೂ ಮುಸ್ಲಿಂ. ಅವರ ಬದುಕಿನ ಕಠಿಣ ಸೋಲು ಕಾದಿದ್ದುದು ಅಲ್ಲಿಯೇ.

ಹೈದರಾಬಾದಿನಲ್ಲಿ ಹಿಂದೂಗಳಿಗೆ ಉನ್ನತ ಪದವಿ ನಿಷಿದ್ಧವಾಗಿರಲಿಲ್ಲ. ಮಹಾರಾಜ ಕಿಷನ್ ಪ್ರಸಾದ್ ಎರಡು ಬಾರಿ ಪ್ರಧಾನಿಯಾಗಿದ್ದರು. ಆದರೆ ಇತ್ತೆಹಾದುಲ್ ಮುಸ್ಲಿಮೀನ್ ಸಂಘಟನೆಯು ಬೇರೊಂದು ಸಿದ್ಧಾಂತವನ್ನು ಬೆಳೆಸಿತ್ತು. ಅದರ ಪ್ರಕಾರ ಸಂಸ್ಥಾನದ ಸಾರ್ವಭೌಮತ್ವವು ಅಲ್ಲಿನ ಮುಸ್ಲಿಂ ಸಮುದಾಯದಲ್ಲಿ ನೆಲೆಸಿದೆ, ನಿಜಾಮರು ಅದರ ಸಂಕೇತ. ಜನಸಂಖ್ಯೆಯಲ್ಲಿ ಮುಸ್ಲಿಮರು ಸುಮಾರು ಎಂಟರಲ್ಲಿ ಒಂದು ಭಾಗ. ಆದ್ದರಿಂದ ಈ ಸಿದ್ಧಾಂತವನ್ನು ಒಪ್ಪಿದರೆ ಕನ್ನಡ, ತೆಲುಗು, ಮರಾಠಿ ಜಿಲ್ಲೆಗಳ ಬಹುಸಂಖ್ಯಾತ ರೈತನಿಗೆ ಉಳಿಯುವುದು ‘ಪ್ರಜೆ’ ಪದದ ಮೊದಲನೆಯ ಅರ್ಥ ಮಾತ್ರ. ಪೌರತ್ವದ ಧಾರ್ಮಿಕ ಅರ್ಹತೆಯ ಪ್ರಶ್ನೆ ಕನ್ನಡ ನೆಲದಲ್ಲಿಯೇ ಉದ್ಭವಿಸಿದ ಸಂದರ್ಭವಿದು.

ಭಾರತದೊಡನೆ ಹೊಂದಾಣಿಕೆಯನ್ನು ಬಯಸಿದ, ದೇಶವಿಭಜನೆಯನ್ನು ವಿರೋಧಿಸಿದ ಮಿರ್ಜಾ ಈ ಸಿದ್ಧಾಂತಕ್ಕೆ ಹೊರಗಿನವರಾದರು. ಅವರ ನೇಮಕಕ್ಕೆ ಜಿನ್ನಾ ಅವರ ವಿರೋಧವಿತ್ತು. ಖಾಸಿಂ ರಜ್ವಿಯ ನಾಯಕತ್ವದಲ್ಲಿ ಇತ್ತೆಹಾದ್ ಅವರ ವಿರುದ್ಧ ನಿಂತಿತು. ನಿಜಾಮರ ಬೆಂಬಲವೂ ದೊರೆಯಲಿಲ್ಲ. 1947ರ ಮೇ ತಿಂಗಳಲ್ಲಿ ಅವರು ಪದವಿ ಬಿಟ್ಟರು. ಮೈಸೂರಿನಲ್ಲಿ ಮುಸ್ಲಿಮರೆಂಬ ಕಾರಣಕ್ಕೆ ಅನುಮಾನಕ್ಕೊಳಗಾದವರು ಹೈದರಾಬಾದಿನಲ್ಲಿ ಸಾಕಷ್ಟು ಮುಸ್ಲಿಮರಲ್ಲವೆಂಬಂತೆ ತಿರಸ್ಕೃತರಾದರು. ರಾಜ್ಯವು ಒಂದು ಧರ್ಮದವರ ಸ್ವತ್ತು ಎಂದಾಗ, ಆ ಧರ್ಮದೊಳಗೇ ಯಾರು ನಿಜವಾದವರು ಎಂಬ ಶೋಧನೆ ಆರಂಭವಾಗುತ್ತದೆ ಎಂಬುದಕ್ಕೆ ಇದು ನಿದರ್ಶನ. ಮುಂದಿನ ವರ್ಷ ರಜಾಕಾರರ ಹಾವಳಿಯೂ, ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆಯೂ, ಅದರ ಬೆನ್ನಿಗೆ ಮುಸ್ಲಿಮರ ಮೇಲೆ ನಡೆದ ಹಿಂಸೆಯೂ ಕನ್ನಡ ಜಿಲ್ಲೆಗಳಲ್ಲಿ ಎರಡೂ ಸಮುದಾಯಗಳ ಸಾಮಾನ್ಯರನ್ನು ನೋಯಿಸಿದವು.

6. ಕೊನೆಯ ವರ್ಷಗಳು

1950ರ ದಶಕದ ಆರಂಭದಲ್ಲಿ ಮಿರ್ಜಾ ವಿಶ್ವಸಂಸ್ಥೆಯ ತಾಂತ್ರಿಕ ನೆರವಿನ ಪ್ರತಿನಿಧಿಯಾಗಿ ಇಂಡೊನೇಷ್ಯಾದಲ್ಲಿದ್ದರು. ಮುಸ್ಲಿಂ ಬಹುಸಂಖ್ಯಾತ ರಾಷ್ಟ್ರವಾದ ಅದು ಇದೇ ಪ್ರಶ್ನೆಯನ್ನು ಎದುರಿಸಿ ಬೇರೆ ದಾರಿ ಹಿಡಿದಿತ್ತು. 1945ರ ಕರಡಿನಲ್ಲಿ ಮುಸ್ಲಿಮರು ಷರೀಯತ್ತನ್ನು ಪಾಲಿಸಬೇಕೆಂಬ ಮಾತೂ, ಅಧ್ಯಕ್ಷರು ಮುಸ್ಲಿಮರೇ ಆಗಿರಬೇಕೆಂಬ ನಿಯಮವೂ ಇದ್ದವು. ಸ್ವಾತಂತ್ರ್ಯ ಘೋಷಣೆಯ ಮರುದಿನ, ಆಗಸ್ಟ್ 18ರಂದು, ಎರಡನ್ನೂ ಕೈಬಿಡಲಾಯಿತು. ಏಕದೇವನಲ್ಲಿ ನಂಬಿಕೆ ರಾಜ್ಯದ ಮೊದಲ ತತ್ತ್ವವಾಗಿ ಉಳಿದುದರಿಂದ ನಾಸ್ತಿಕರಿಗೆ ಅಲ್ಲಿ ಪೂರ್ಣ ಅವಕಾಶ ದೊರೆಯಲಿಲ್ಲವೆಂಬುದೂ ನಿಜ.

ಮಿರ್ಜಾ 1954ರಲ್ಲಿ ಇಂಗ್ಲಿಷಿನಲ್ಲಿ ತಮ್ಮ ಆತ್ಮಕಥನವನ್ನು ಪ್ರಕಟಿಸಿದರು. 1959ರ ಜನವರಿಯಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಅಷ್ಟರಲ್ಲಿ ಪಾಕಿಸ್ತಾನದ 1956ರ ಸಂವಿಧಾನವು ಅಧ್ಯಕ್ಷರು ಮುಸ್ಲಿಮರಾಗಿರಬೇಕೆಂದು ವಿಧಿಸಿತ್ತು. ಮುಂದೆ ಕುವೈತ್ 1982ರ ತಿದ್ದುಪಡಿಯಲ್ಲಿ ಹೊಸದಾಗಿ ಪೌರತ್ವ ಬಯಸುವ ವಿದೇಶಿಯರು ಮುಸ್ಲಿಮರಾಗಿರಬೇಕೆಂದಿತು. ಮಾಲ್ಡೀವ್ಸ್ 2008ರ ಸಂವಿಧಾನದಲ್ಲಿ ಮುಸ್ಲಿಮರಲ್ಲದವರು ಪೌರರಾಗುವಂತಿಲ್ಲವೆಂದಿತು. ಭಾರತದ ಸಂವಿಧಾನವು ಕಾನೂನಿನ ಮುಂದಿನ ಸಮಾನತೆಯನ್ನೂ ನಂಬಿಕೆಯ ಸ್ವಾತಂತ್ರ್ಯವನ್ನೂ ಹಕ್ಕುಗಳಾಗಿ ಸಾರಿತು. ಆದರೆ ನೆರೆಯ ಮೂರು ದೇಶಗಳಿಂದ ಬಂದವರ ಮಟ್ಟಿಗೆ ಪೌರತ್ವ ನೀಡಿಕೆಯಲ್ಲಿ ಧರ್ಮದ ಉಲ್ಲೇಖ 2019ರ ತಿದ್ದುಪಡಿಯಲ್ಲಿ ಬಂದಿತು. ಆದ್ದರಿಂದ ಈ ಚರ್ಚೆಯನ್ನು ಒಂದು ಧರ್ಮದ ರಾಷ್ಟ್ರಗಳಿಗಷ್ಟೇ ಸೀಮಿತಗೊಳಿಸುವುದು ಸಾಧುವಲ್ಲ.

ಮಿರ್ಜಾ ಅವರ ಬದುಕಿನಿಂದ ಎರಡು ತೀರ್ಮಾನಗಳಿಗೆ ಬರಬಹುದು. ಧರ್ಮಭೇದವಿಲ್ಲದ ಆಡಳಿತ ಅರಸೊತ್ತಿಗೆಯಲ್ಲೂ ಸಾಧ್ಯವೆಂಬುದನ್ನು ಮೈಸೂರು ತೋರಿಸಿತು. ಅಂಥ ಆಡಳಿತವು ದೊರೆಯ ಸದ್ಗುಣವನ್ನೇ ನೆಚ್ಚಿಕೊಂಡಿದ್ದರೆ, ದೊರೆ ಬದಲಾದಾಗ ಅದರ ಆಧಾರವೂ ಕುಸಿಯುತ್ತದೆ ಎಂಬುದನ್ನು ಹೈದರಾಬಾದು ತೋರಿಸಿತು. ನಾಲ್ವಡಿಯವರಂಥ ಪ್ರಭು ಬೆನ್ನಿಗಿದ್ದಾಗ ಗಣಪತಿ ಗಲಭೆಯನ್ನೂ ದಾಟಿ ಉಳಿದ ಮಿರ್ಜಾ, ಅಂಥ ಪ್ರಭುವಿಲ್ಲದ ಕಡೆ ಒಂಬತ್ತು ತಿಂಗಳಲ್ಲಿ ಹೊರಬಿದ್ದರು. ಅವರಿಗೇ ರಕ್ಷಣೆ ನೀಡಲಾಗದ ಆ ವ್ಯವಸ್ಥೆ ಸಾಮಾನ್ಯ ಪ್ರಜೆಗೆ ಏನನ್ನು ನೀಡೀತು ಎಂಬ ಪ್ರಶ್ನೆಗೆ, ಅವರು ದಿವಾನರಾಗಿ ತಡೆಹಿಡಿದಿದ್ದ ಜವಾಬ್ದಾರಿ ಸರ್ಕಾರದ ಬೇಡಿಕೆಯಲ್ಲಿಯೇ ಉತ್ತರವಿತ್ತು.