ಹರಿದೆಸೆದ ಭಾವಚಿತ್ರ

ಕೆಲವು ವರ್ಷಗಳ ಹಿಂದಿನ ಮಾತು. ಅಂದು ನಮ್ಮ ಕಾಲೇಜಿನ ಅಂತಿಮ ತರಗತಿಯವರ ಸಮೂಹಚಿತ್ರ ತೆಗೆಸುವ ದಿನ. ಮುಖದ ತುಂಬ ಕೆಂಪು ಗುಳ್ಳೆಗಳೆದ್ದಿದ್ದ ವಿದ್ಯಾರ್ಥಿಯೊಬ್ಬ ಸಂಕೋಚದಿಂದ ಕಂಬದ ಮರೆಯಲ್ಲಿ ನಿಂತಿದ್ದ. ಅವನಿಗೆ ಉಪಕಾರ ಮಾಡುತ್ತಿರುವೆನೆಂದು ಬಗೆದು, ಹಿಂದಿನ ಸಾಲಿನಲ್ಲಿ ನಿಲ್ಲುವಂತೆ ನಾನು ಸೂಚಿಸಿದೆ. ತಲೆಯಾಡಿಸಿ ಹೋದ. ಚಿತ್ರ ಬಂದಾಗ ನೋಡಿದರೆ ಅದರಲ್ಲಿ ಅವನೇ ಇರಲಿಲ್ಲ. ಆ ಮೇಲೆ ಜೆ. ಪಿ. ಮಾರ್ಗನ್ನನ ಜೀವನವನ್ನು ಓದುವಾಗಲೆಲ್ಲ ಆ ಹುಡುಗ ನನ್ನ ಕಣ್ಣ ಮುಂದೆ ಬಂದು ನಿಲ್ಲುತ್ತಾನೆ.

ಮಾರ್ಗನ್ ಹುಟ್ಟಿದ್ದು 1837ರಲ್ಲಿ, ಅಮೆರಿಕದ ಹಾರ್ಟ್‌ಫರ್ಡಿನಲ್ಲಿ. ಸಿರಿವಂತ ವರ್ತಕನ ಮಗ. ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಓದಿದವನು. ಹರೆಯದಲ್ಲಿಯೇ ಅವನ ಮುಖದ ಮೇಲೆ ಗುಳ್ಳೆಗಳು ಕಾಣಿಸಿಕೊಂಡವು. 1861ರಲ್ಲಿ ಕೈಹಿಡಿದ ಅಮೀಲಿಯಾ ಕ್ಷಯರೋಗದಿಂದ ನಾಲ್ಕು ತಿಂಗಳಲ್ಲಿಯೇ ತೀರಿಹೋದಳು. ಆತ ವ್ಯವಹಾರದಲ್ಲಿ ಮುಳುಗಿದ, ಬೆಳೆದ. 1901ರಲ್ಲಿ ಆತ ಕಟ್ಟಿದ ಉಕ್ಕಿನ ಕಂಪನಿಯ ಬಂಡವಾಳ ನೂರು ಕೋಟಿ ಡಾಲರನ್ನು ಮೀರಿತ್ತು. 1907ರಲ್ಲಿ ಹಣದ ಪೇಟೆ ಕುಸಿದಾಗ ನ್ಯೂಯಾರ್ಕಿನ ಲೇವಾದೇವಿಗಾರರನ್ನು ತನ್ನ ಗ್ರಂಥಾಲಯದಲ್ಲಿ ಕೂಡಿಹಾಕಿ, ಒಪ್ಪಂದವಾಗುವವರೆಗೆ ಬಾಗಿಲು ತೆಗೆಯಗೊಡದ ಧೀರನೀತ.

ಆದರೆ ಮುಖದ ಮುಂದೆ ಈ ಧೀರ ಸೋತಿದ್ದ. ಅವನಿಗಿದ್ದುದು ರೋಸೇಸಿಯಾ ಎಂಬ ದೀರ್ಘಕಾಲದ ಚರ್ಮವ್ಯಾಧಿ. ಅದು ಬಲಿತು, ಮೂಗಿನ ಚರ್ಮ ದಪ್ಪವಾಗಿ, ಗಂಟುಗಂಟಾಗಿ ಊದಿ ನೇರಿಳೆ ಬಣ್ಣಕ್ಕೆ ತಿರುಗಿತ್ತು. ಇಂಥ ಮೂಗು ಕಂಡರೆ ಜನ ಅದನ್ನು ಕುಡಿತದ ಫಲವೆಂದೇ ಎಣಿಸುತ್ತಿದ್ದರು. ಮದ್ಯ ಕೆಂಪನ್ನು ಹೆಚ್ಚಿಸಬಲ್ಲದು ನಿಜ. ಆದರೆ ರೋಗದ ಮೂಲ ಅದಲ್ಲ, ಕುಡಿಯದವರಿಗೂ ಅದು ಬರುತ್ತದೆಂದು ಇಂದಿನ ವೈದ್ಯಶಾಸ್ತ್ರ ತಿಳಿಸುತ್ತದೆ. ಅದು ಅಂಟುರೋಗವೂ ಅಲ್ಲ. ವ್ಯಂಗ್ಯಚಿತ್ರಕಾರರಿಗೆ ಆ ಮೂಗೇ ಮಾರ್ಗನ್ನನ ಗುರುತಾಯಿತು. ಛಾಯಾಚಿತ್ರವೆಂದರೆ ಆತ ಸಿಡುಕುತ್ತಿದ್ದ. ತೆಗೆಸಿಕೊಂಡ ಚಿತ್ರಗಳಲ್ಲಿ ಮೂಗನ್ನು ತಿದ್ದಿಸುತ್ತಿದ್ದ.

1903ರಲ್ಲಿ ಸ್ಟೈಕನ್ ಎಂಬ ತರುಣ ಛಾಯಾಗ್ರಾಹಕ ಕೆಲವೇ ನಿಮಿಷಗಳಲ್ಲಿ ಮಾರ್ಗನ್ನನ ಎರಡು ಚಿತ್ರಗಳನ್ನು ತೆಗೆದ. ಒಂದು, ಹೇಳಿದಂತೆ ತಿದ್ದಿದ ಸೌಮ್ಯ ಚಿತ್ರ. ಇನ್ನೊಂದರಲ್ಲಿ ಉರಿಯುವ ಕಣ್ಣುಗಳು. ಕುರ್ಚಿಯ ತೋಳಿನ ಮೇಲೆ ಬಿದ್ದ ಬೆಳಕು ಕೈಯಲ್ಲಿ ಹಿಡಿದ ಕಠಾರಿಯಂತೆ ಹೊಳೆಯುತ್ತದೆ. ಎರಡನೆಯದನ್ನು ಕಂಡೊಡನೆ ಮಾರ್ಗನ್ ಹರಿದುಹಾಕಿದ. ವರ್ಷಗಳು ಕಳೆದ ಮೇಲೆ ಅದೇ ಚಿತ್ರ ಬೇಕೆಂದು ಬಯಸಿದ. ಸೌಮ್ಯ ಚಿತ್ರವನ್ನು ಇಂದು ನೆನೆಯುವವರು ವಿರಳ, ಹರಿದದ್ದೇ ಉಳಿಯಿತು.

ತನ್ನ ಮುಖವನ್ನು ಚಿತ್ರಗಳಲ್ಲಿ ಕಾಣಲೊಲ್ಲದ ಈತ ಚೆಲುವಾದ ವಸ್ತುಗಳನ್ನು ಅರಸಿ ತಂದ. ಮಿಲ್ಟನ್ ಕವಿಯ ಮಹಾಕಾವ್ಯದ ಮೊದಲ ಸರ್ಗದ ಹಸ್ತಪ್ರತಿ ಅವನ ಗ್ರಂಥಾಲಯ ಸೇರಿತು. ಒಂದಕ್ಕೊಂದು ಸಂಬಂಧವಿತ್ತೆ? ಇರಬಹುದೆಂದು ನನ್ನ ಊಹೆ. ಅದಕ್ಕಿಂತ ಹೆಚ್ಚು ಹೇಳಲಾರೆ. 1913ರಲ್ಲಿ ಆತ ರೋಮಿನಲ್ಲಿ ತೀರಿಕೊಂಡ. ಮಗ 1924ರಲ್ಲಿ ಆ ಗ್ರಂಥಾಲಯವನ್ನು ಸಾರ್ವಜನಿಕರಿಗೆ ತೆರೆದ.

ಅಷ್ಟು ಸಂಪತ್ತಿದ್ದವನೂ ತನ್ನ ಮುಖದೊಡನೆ ರಾಜಿಯಾಗಲು ಅಷ್ಟು ವರ್ಷ ಹಿಡಿಯಿತು. ಹೀಗಿರುವಾಗ ಇಪ್ಪತ್ತರ ಹುಡುಗನೊಬ್ಬ ಅರ್ಧ ಗಂಟೆಯಲ್ಲಿ ಅದನ್ನು ಸಾಧಿಸಲೆಂದು ನಾನು ಹೇಗೆ ನಿರೀಕ್ಷಿಸಲಿ? ಮೇಲಾಗಿ, ಅವನ ಮುಖ ಮರೆಯಲ್ಲಿರಬೇಕಾದದ್ದೆಂದು ಮೊದಲು ತೀರ್ಮಾನಿಸಿದವನು ನಾನೇ ಅಲ್ಲವೆ? ಈಗ ಚಿತ್ರ ತೆಗೆಸುವ ದಿನ ಯಾರು ಎಲ್ಲಿ ನಿಲ್ಲಬೇಕೆಂದು ನಾನು ಹೇಳುವುದಿಲ್ಲ. ಆ ವರ್ಷದ ಚಿತ್ರ ಮಾತ್ರ ಇನ್ನೂ ಗೋಡೆಯ ಮೇಲಿದೆ, ಅವನಿಲ್ಲದೆ.